ಅಧ್ಯಕ್ಷರೇ, ನೀವು ಕೊನೆಗೆ ಮಾತಾಡಿ: ಊರಿನ ಮೀಟಿಂಗ್ ನಡೆಸುವವರಿಗೆ ಕೇಳುವ ಪಾಠ

ಮೊದಲೇ ಹೇಳಿಬಿಡ್ತೇನೆ, ಇದು ಬೆಂಗಳೂರಿನ ಕಂಪನಿಯ ಮ್ಯಾನೇಜರುಗಳಿಗೆ ಬರೆದದ್ದಲ್ಲ. ನಮ್ಮ ಕಾಸರಗೋಡು ಕಡೆ ಕುಟುಂಬಶ್ರೀ (ಕೇರಳ ಸರಕಾರದ ಹೆಂಗಸರ ಸ್ವಸಹಾಯ ಸಂಘಗಳು) ಯೂನಿಟಿನ ಸೆಕ್ರೆಟರಿ ಆದವರು, ಮಕ್ಕಳ ಶಾಲೆಗೆ ಅಂತ ಹೋಗಿ ಪಿಟಿಎಯಲ್ಲಿ (ಶಾಲೆಯ ರಕ್ಷಕ-ಶಿಕ್ಷಕ ಸಂಘ) ಸಿಕ್ಕಿಬಿದ್ದವರು, "ನೀವೇ ಆಗ್ಬೇಕು ಮಾರಾಯ್ರೆ" ಅಂತ ಒತ್ತಾಯಕ್ಕೆ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರಾದವರು, ಕ್ಲಬ್ಬು, ವಾಚನಾಲಯ, ಹಾಲಿನ ಸೊಸೈಟಿ ನಡೆಸುವವರು, ಇಂಥವರಿಗೆ. ಇಲ್ಲಿ ಸಂಬಳ ಇಲ್ಲ, ಯಾರನ್ನೂ ಕೆಲಸದಿಂದ ತೆಗೀಲಿಕ್ಕೆ ಆಗುದಿಲ್ಲ, ಬೈದ್ರೆ ನಾಳೆ ಮದುವೆ ಮನೆಯಲ್ಲಿ ಅವರದ್ದೇ ಎದುರು ಊಟಕ್ಕೆ ಕೂತ್ಕೊಳ್ಬೇಕು. ಹಾಗಾಗಿ ಜನ ಹೇಳುದನ್ನು ಸರಿಯಾಗಿ ಕೇಳ್ಲಿಕ್ಕೆ ಬರ್ದಿದ್ರೆ ನಮ್ಮ ಲೀಡರ್‌ಶಿಪ್ ಅಂತ ಹೇಳುದು ಲೆಟರ್‌ಹೆಡ್ಡಿನಲ್ಲಿ ಮಾತ್ರ ಇರ್ತದೆ.

ನನಗೆ ಇದು ಗೊತ್ತಾದದ್ದು ಒಂದು ಬೋರ್‌ವೆಲ್ಲಿನಿಂದ. ನಮ್ಮ ಕಡೆ ಒಂದು ಕುಡಿಯುವ ನೀರಿನ ಸ್ಕೀಮಿಗೆ ನಾನು ಗುಣಭೋಕ್ತೃ ಸಮಿತಿಯ ಸೆಕ್ರೆಟರಿ ಆಗಿದ್ದೆ (ಗುಣಭೋಕ್ತೃ ಅಂದ್ರೆ ಫಲಾನುಭವಿ, ಮಲಯಾಳದ ಸಹವಾಸದಿಂದ ನಮ್ಮ ಕನ್ನಡಕ್ಕೆ ಬಂದ ಶಬ್ದ, ಘಟ್ಟದ ಮೇಲಿನವರು ನಗಬೇಡಿ). ಮೂವತ್ತು ಚಿಲ್ಲರೆ ಮನೆ, ಬೋರ್ ಎಲ್ಲಿ ಹಾಕುದು ಅಂತ ಮೀಟಿಂಗು, ಜಾಗ ನಾವು ನಾಲ್ಕು ಜನ ಮೊದಲೇ ಮಾತಾಡಿ ಆಗಿತ್ತು, ಮೀಟಿಂಗ್ ಅಂತ ಹೇಳಿದ್ದು ಸಹಿ ಹಾಕಿಸ್ಲಿಕ್ಕೆ ಮಾತ್ರ. ಬಾಗಿಲ ಹತ್ರ ನಿಂತಿದ್ದ ಒಬ್ಬ ಅಜ್ಜ, ಪ್ರಾಯದಲ್ಲಿ ಸುರಂಗ (ನೀರಿಗೆ ಅಂತ ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆಯುದು) ತೋಡುವ ಕೆಲಸ ಮಾಡಿದವರು, "ಅವುಳು ನೀರ್ ಇಜ್ಜಿ" ಅಂದ್ರು, ಅಲ್ಲಿ ನೀರಿಲ್ಲ ಅಂತ. ನಾನು "ಆಯ್ತಜ್ಜ, ನೋಡುವ" ಅಂದೆ, ಮುಂದಿನ ವಿಷಯಕ್ಕೆ ಹೋದೆ. ಬೋರ್ ಗಾಡಿ ಬಂತು, ನಾನೂರು ಅಡಿ ಹೋಯ್ತು, ಬಂದದ್ದು ಹೊಗೆಯ ಹಾಗೆ ಕಲ್ಲಿನ ಪುಡಿ. ಮತ್ತೆ ನಾಚಿಕೆಯಲ್ಲಿ ಅಜ್ಜನ ಮನೆಗೆ ಹೋದ್ರೆ ಅವರು ಜಗಲಿಯಲ್ಲಿ ಕೂರಿಸಿ ಸಮಾಧಾನದಲ್ಲಿ ಹೇಳಿದ್ರು, ಆ ಗುಡ್ಡೆಗೆ ಅವರು ಮತ್ತು ಅವರ ಭಾವ ಸೇರಿ ಎರಡು ಕಡೆಯಿಂದ ಸುರಂಗ ಹೊಡ್ದು, ಒಂದರಲ್ಲಿ ಅರುವತ್ತು ಕೋಲು (ಕೋಲು ಅಂದ್ರೆ ನಮ್ಮ ಕಡೆಯ ಉದ್ದದ ಅಳತೆ) ಒಳಗೆ ಹೋದ್ರೂ ಮಣ್ಣಿನಲ್ಲಿ ತಂಪೇ ಇರ್ಲಿಲ್ಲವಂತೆ. "ಇದನ್ನು ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ ಅಜ್ಜ?" ಕೇಳಿದೆ. "ಪಂಡೆ ಅತ್ತಾ" ಅಂದ್ರು. ಹೇಳಿದೆ ಅಲ್ವಾ ಅಂತ.

ಸುರಂಗದ ನೀರಿಗೂ ನಾನೂರು ಅಡಿ ಕೆಳಗಿನ ನೀರಿಗೂ ಸಂಬಂಧ ಇಲ್ಲ ಅಂತ ವಾದ ಮಾಡ್ಬಹುದು, ಸರಿಯೂ ಇರ್ಬಹುದು. ಆದ್ರೆ ನಾವು ಆ ವಾದವನ್ನೂ ಮಾಡ್ಲಿಲ್ಲವಲ್ಲ. "ಯಾಕಜ್ಜ?" ಅಂತ ಒಂದು ಶಬ್ದ ಕೇಳ್ಲಿಕ್ಕೆ ನನಗೆ ಪುರುಸೊತ್ತು ಇರ್ಲಿಲ್ಲ. ಅಲ್ಲಿಂದ ಈಚೆಗೆ ನಾನು ಕಲ್ತದ್ದು, ಬೇರೆಯವರನ್ನು ನೋಡಿ ಕದ್ದದ್ದು, ಎಲ್ಲ ಕೆಳಗೆ ಬರ್ದಿದ್ದೇನೆ.

ಮೀಟಿಂಗಿನ ಮೊದಲು: ಕುರ್ಚಿ ಮತ್ತು ಟೈಮು

ಇದು ಸಣ್ಣ ವಿಷಯ, ಬೇಗ ಮುಗಿಸ್ತೇನೆ. ವೇದಿಕೆ, ಮೇಜು, ಮೈಕ್ ಇಟ್ರೆ ಮಾತಾಡುವವರು ಇಬ್ಬರೇ. ಇಪ್ಪತ್ತು ಜನಕ್ಕೆ ಮೈಕ್ ಎಂತಕ್ಕೆ? ಕುರ್ಚಿ ವೃತ್ತಕ್ಕೆ ಹಾಕಿ, ಇಲ್ಲದಿದ್ರೆ ಚಾಪೆ. ಬಾಗಿಲ ಹತ್ರ ನಿಂತವರನ್ನು ಹೆಸರು ಹಿಡಿದು ಒಳಗೆ ಕರೀರಿ, ನಿಂತವನ ಮಾತು ಯಾವತ್ತೂ ಅರ್ಧ, ಅವನಿಗೆ ಹೊರಡುವ ಅಂದಾಜು ಇರ್ತದೆ. ಟೈಮು ಗಂಡಸರಿಗೆ ಮಾತ್ರ ಅನುಕೂಲ ಆಗುವ ಹಾಗೆ ಸಂಜೆ ಏಳಕ್ಕೆ ಇಟ್ಟು ಮತ್ತೆ "ಹೆಂಗಸರು ಬರುದೇ ಇಲ್ಲ" ಅಂತ ಹೇಳ್ಬೇಡಿ. ಕುಟುಂಬಶ್ರೀಯವರ ಲೆಕ್ಕ ನೋಡಿ, 1998ರಲ್ಲಿ ಶುರು ಆದದ್ದು, ಒಂದು ಅಯಲ್ಕೂಟಕ್ಕೆ (ಅಂದ್ರೆ ನೆರೆಕರೆಯವರ ಗುಂಪಿಗೆ) ಹತ್ತರಿಂದ ಇಪ್ಪತ್ತು ಮನೆಯವರು, ನಮ್ಮ ವಾರ್ಡಿನಲ್ಲಿ ಭಾನುವಾರ ಮಧ್ಯಾಹ್ನ ಈ ವಾರ ಒಬ್ಬರ ಮನೆ, ಬರುವ ವಾರ ಇನ್ನೊಬ್ಬರ ಮನೆ. ಯಾರ ಮನೆಯಲ್ಲಿ ಕೂತಿದ್ದಾರೋ ಆ ಮನೆಯವಳಿಗೆ ಆ ದಿನ ಸ್ವರ ಬರ್ತದೆ, ಬೇರೆ ದಿನ ಮಾತೇ ಆಡದವಳೂ ಮಾತಾಡ್ತಾಳೆ. ನಮ್ಮ ಸಮಿತಿಗಳು ಇದನ್ನು ಯಾಕೆ ಮಾಡುದಿಲ್ಲ ಅಂತ ನನಗೆ ಇನ್ನೂ ಅರ್ಥ ಆಗ್ಲಿಲ್ಲ.

ಭಾಷೆ: ನಮ್ಮ ಊರಿನಲ್ಲಿ ಇದೇ ಅರ್ಧ ಕೆಲಸ

ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳಿ ಚಪ್ಪಾಳೆ ತೆಗೊಳ್ತೇವೆ. ಮೀಟಿಂಗಿಗೆ ಬಂದ್ರೆ ಒಂದೇ ಭಾಷೆ. ಮನೆಯಲ್ಲಿ ತುಳು ಮಾತಾಡುವವರು, ಬ್ಯಾರಿ ಮಾತಾಡುವ ಇಚ್ಚ (ಅಣ್ಣ), ಹವ್ಯಕರು, ಮರಾಟಿಯವರು, ಕೊಂಕಣಿಯವರು, ಮಲಯಾಳ ಮಾತ್ರ ಬರುವ ಹೊಸ ಸೊಸೆ, ಎಲ್ಲರೂ ಒಂದೇ ಚಾಪೆಯಲ್ಲಿ ಕೂತಿರ್ತಾರೆ. ಅಧ್ಯಕ್ಷರು ಪುಸ್ತಕದ ಕನ್ನಡದಲ್ಲಿ "ತಮ್ಮ ಅಭಿಪ್ರಾಯಗಳನ್ನು ಮಂಡಿಸಬೇಕಾಗಿ ವಿನಂತಿ" ಅಂದ ಕೂಡ್ಲೆ ಅರ್ಧ ಜನದ ಬಾಯಿ ಕಟ್ತದೆ, ಯಾಕಂದ್ರೆ ಅವರ ಹತ್ರ ಅಭಿಪ್ರಾಯ ಉಂಟು, ಮಂಡಿಸ್ಲಿಕ್ಕೆ ಗೊತ್ತಿಲ್ಲ. ನಮ್ಮ ಅಜ್ಜ ತುಳುವಿನಲ್ಲಿ ಮೂರು ಶಬ್ದದಲ್ಲಿ ನಿಲ್ಲಿಸಿದ್ದು ಅದಕ್ಕೇ, ಜಗಲಿಯಲ್ಲಿ ತುಳುವಿನಲ್ಲೇ ಕೇಳಿದಾಗ ಅರ್ಧ ಗಂಟೆ ಹೇಳಿದ್ರು.

ಹಾಗಾಗಿ ಏನು ಮಾಡ್ಬೇಕು ಅಂದ್ರೆ, ಶುರುವಿಗೇ "ಯಾವ ಭಾಷೆ ಆದ್ರೂ ಅಡ್ಡಿ ಇಲ್ಲ" ಅಂತ ಹೇಳಿ, ಬರೇ ಹೇಳಿದ್ರೆ ಸಾಲದು, ನೀವೇ ಒಂದು ವಾಕ್ಯ ತುಳುವಿನಲ್ಲೋ ಮಲಯಾಳದಲ್ಲೋ ತಪ್ಪು ತಪ್ಪಾಗಿ ಮಾತಾಡಿ ತೋರಿಸಿ. ಎಲ್ಲರೂ ನಗ್ತಾರೆ, ನಗ್ಲಿ, ಅಧ್ಯಕ್ಷರಿಗೇ ತಪ್ಪು ಬರುದಾದ್ರೆ ನಮಗೆಂತ ಅಂತ ಮತ್ತೆ ಧೈರ್ಯ ಬರ್ತದೆ. ಅರ್ಥ ಆಗದವರ ಪಕ್ಕ ಎರಡೂ ಭಾಷೆ ಬರುವ ಒಬ್ಬರನ್ನು ಕೂರಿಸಿ, ಕಿವಿಯಲ್ಲಿ ಹೇಳ್ತಾ ಇರ್ಲಿ. ಮಾತು ನಡೀವಾಗ "ಕನ್ನಡದಲ್ಲಿ ಹೇಳಿ" ಅಂತ ಮಾತ್ರ ಯಾವತ್ತೂ ಹೇಳ್ಬೇಡಿ.

ಇದನ್ನು ಬರೀವಾಗ ನನಗೇ ಸ್ವಲ್ಪ ಚುಚ್ಚುತ್ತದೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಆಫೀಸಿನಲ್ಲಿ ಕನ್ನಡದ ಅರ್ಜಿ ತೆಗೊಳ್ಳುದಿಲ್ಲ, ಕನ್ನಡದಲ್ಲಿ ಮಾತಾಡಿದ್ರೆ ಮುಖ ತಿರುಗಿಸ್ತಾರೆ ಅಂತ ಅಂದಿನಿಂದಲೂ ನಮ್ಮ ಬೇಸರ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದ್ರೂ ಅಹವಾಲು ಕೊಡ್ಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳ್ತದೆ, ಅದನ್ನು ನಾವು ಬಾಯಿಪಾಠ ಮಾಡಿ ಇಟ್ಟಿದ್ದೇವೆ. ಆದ್ರೆ ನಮ್ಮದೇ ಸಮಿತಿಯಲ್ಲಿ ಕೊರಗರ ಮನೆಯವರು, ಮರಾಟಿ ನಾಯ್ಕರು ಅವರ ಮಾತಿನಲ್ಲಿ ಹೇಳ್ಲಿಕ್ಕೆ ಹೊರಟ್ರೆ ನಾವೇ ಮುಖ ತಿರುಗಿಸ್ತೇವೆ. ಆ ಆಫೀಸಿನ ಕ್ಲರ್ಕಿಗೂ ನಮಗೂ ಎಂತ ವ್ಯತ್ಯಾಸ ಉಂಟು?

ನಿಮ್ಮ ಅಭಿಪ್ರಾಯ ಕಿಸೆಯಲ್ಲಿ ಇಟ್ಕೊಳ್ಳಿ

ಅಧ್ಯಕ್ಷರು ಎದ್ದು "ನಾನು ಹೀಗೆ ಆಲೋಚನೆ ಮಾಡಿದ್ದೇನೆ, ನಿಮಗೆಲ್ಲ ಸರಿ ಅಲ್ವಾ?" ಅಂತ ಕೇಳಿದ್ರೆ ಮೀಟಿಂಗ್ ಅಲ್ಲಿಗೆ ಮುಗೀತು, ಇನ್ನು ಚಾ ಕುಡಿದು ಹೋಗುದೇ. ನಿಮಗೆ ಎದುರು ಹೇಳುದು ನಮ್ಮ ಊರಿನಲ್ಲಿ ಅಷ್ಟು ಸುಲಭ ಅಲ್ಲ, ನೀವು ಮಾಸ್ಟ್ರು ಇರ್ಬಹುದು, ಗುತ್ತಿನವರು (ಊರಿನ ಹಳೇ ದೊಡ್ಡ ಮನೆಯವರು) ಇರ್ಬಹುದು, ಅವರು ನಿಮ್ಮ ತೋಟಕ್ಕೆ ಅಡಿಕೆ ಸುಲೀಲಿಕ್ಕೆ ಬರುವವರೇ ಇರ್ಬಹುದು. ವಿಷಯ ಮಾತ್ರ ಹೇಳಿ, ಖರ್ಚು ಎಷ್ಟು, ಯಾವತ್ತಿನ ಒಳಗೆ ಆಗ್ಬೇಕು ಅಂತ ಹೇಳಿ, ಸುಮ್ಮನೆ ಕೂತ್ಕೊಳ್ಳಿ. ಪ್ರಾಯದಲ್ಲಿ ಸಣ್ಣವರಿಂದ, ಹೊಸಬರಿಂದ ಶುರು ಮಾಡಿ, ದೊಡ್ಡವರು ಕೊನೆಗೆ, ನೀವು ಎಲ್ಲರಿಗಿಂತ ಕೊನೆಗೆ. ನಮ್ಮಲ್ಲಿ ಹಿರಿಯರಿಗೆ ಮೊದಲ ಮಾತು ಕೊಡುದು ಮರ್ಯಾದೆ ಅಂತ ಉಂಟು, ಅದನ್ನು ಬದಲು ಮಾಡ್ಲಿಕ್ಕೆ ಮೊದಲೇ ಆ ಹಿರಿಯರ ಹತ್ರ ಹೋಗಿ "ನೀವು ಎಲ್ಲ ಕೇಳಿ ಕೊನೆಗೆ ಒಂದು ಮಾತು ಹೇಳ್ಬೇಕು" ಅಂತ ಹೇಳಿ ಬನ್ನಿ. ಖುಷಿಯಲ್ಲೇ ಒಪ್ತಾರೆ, ಕೊನೆಯ ಮಾತು ಅಂದ್ರೆ ತೀರ್ಪು ಕೊಟ್ಟ ಹಾಗೆ ಅಲ್ವಾ.

ಬಾಯಿ ಮುಚ್ಚುದು, ಹೇಗೆ ಅಂತ

1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅಂತ ಇಬ್ಬರು 74 ಸಲ ರೋಗಿ ಡಾಕ್ಟರ ಹತ್ರ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ನೋಡಿದ್ರು, ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಬಾಯಿ ಹಾಕ್ತಿದ್ರು. ಡಾಕ್ಟರಿಗೆ ಬೈಬೇಡಿ, ನಮ್ಮ ಮೀಟಿಂಗಿನದ್ದು ಒಮ್ಮೆ ವಾಚು ಹಿಡಿದು ನೋಡಿ, 18 ಸೆಕೆಂಡ್ ಸಿಕ್ಕಿದ್ರೆ ಪುಣ್ಯ. ಇನ್ನೊಬ್ಬರು ಮೇರಿ ಬಡ್ ರೋ, 1970ರ ದಶಕದಲ್ಲಿ ಶಾಲೆಯ ಕ್ಲಾಸುಗಳ ಟೇಪು ಕೇಳಿ ಕೇಳಿ ಒಂದು ವಿಷಯ ಕಂಡುಹಿಡಿದ್ರು, ಟೀಚರ್ ಪ್ರಶ್ನೆ ಕೇಳಿ ಒಂದು ಸೆಕೆಂಡ್ ಕೂಡ ಸರಿಯಾಗಿ ಕಾಯುದಿಲ್ಲ, ಆದ್ರೆ ಮೂರು ಸೆಕೆಂಡ್ ಕಾದ್ರೆ ಮಕ್ಕಳ ಉತ್ತರ ಉದ್ದ ಆಗ್ತದೆ, ಬಾಯಿ ಬಿಡದ ಮಕ್ಕಳೂ ಬಾಯಿ ಬಿಡ್ತಾರೆ. ಮೂರು ಸೆಕೆಂಡ್ ಅಂದ್ರೆ ಕಡಿಮೆ ಅಂತ ಕಾಣ್ತದೆ, ಸಭೆಯಲ್ಲಿ ಕೂತು ಒಂದು ಎರಡು ಮೂರು ಲೆಕ್ಕ ಹಾಕಿ ನೋಡಿ, ಯುಗ ಕಳೆದ ಹಾಗೆ ಆಗ್ತದೆ.

ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಮೂರರ ತನಕ ಎಣಿಸಿ. ಅವರು ಮಾತು ನಿಲ್ಲಿಸಿದ ಮೇಲೂ ಇನ್ನೊಮ್ಮೆ ಮೂರು ಎಣಿಸಿ, ಎಷ್ಟೋ ಸಲ ನಿಜವಾದ ವಿಷಯ ಆ ಎರಡನೇ ಮೂರರಲ್ಲಿ ಬರ್ತದೆ. ನನ್ನ ದೊಡ್ಡಪ್ಪ ಒಬ್ಬರು ಪಂಚಾಯ್ತಿಕೆಗೆ ಕೂತ್ರೆ ಬಾಯಿ ತುಂಬ ಎಲೆ ಅಡಿಕೆ ಹಾಕ್ತಿದ್ರು, ಮಾತಾಡ್ಬೇಕಾದ್ರೆ ಎದ್ದು ಹೊರಗೆ ಹೋಗಿ ತುಪ್ಪಿ ಬರ್ಬೇಕು, ಅಷ್ಟು ಕಷ್ಟಪಟ್ಟು ಹೇಳುವಂಥ ಮಾತು ಅರ್ಧ ಗಂಟೆಗೆ ಒಂದು ಸಿಕ್ಕುದೂ ಕಷ್ಟ. ಊರಿನವರು ಅವರನ್ನು ಬಹಳ ಆಲೋಚನೆಯ ಮನುಷ್ಯ ಅಂತ ಹೇಳ್ತಿದ್ರು. ಎಲೆ ಅಡಿಕೆ ಆರೋಗ್ಯಕ್ಕೆ ಒಳ್ಳೇದಲ್ಲ, ನೀವು ಪೆನ್ನು ಪೇಪರ್ ಇಟ್ಕೊಳ್ಳಿ, ಹೇಳ್ಬೇಕು ಅಂತ ಕಂಡದ್ದನ್ನು ಬರ್ದಿಡಿ, ಕೊನೆಗೆ ನೋಡುವಾಗ ಅದರಲ್ಲಿ ಮುಕ್ಕಾಲು ಬೇರೆಯವರೇ ಹೇಳಿ ಆಗಿರ್ತದೆ.

ತಾಳಮದ್ದಳೆಯ ಅರ್ಥಧಾರಿಯ ಹಾಗೆ ಹಿಡೀರಿ

ಕೇಳುದು ಅಂದ್ರೆ ಹೇಗೆ ಅಂತ ನೋಡ್ಬೇಕಾದ್ರೆ ದೂರ ಹೋಗ್ಬೇಕಂತಿಲ್ಲ, ಮಳೆಗಾಲದಲ್ಲಿ ಯಾವುದಾದ್ರೂ ಮನೆಯ ಚಾವಡಿಯಲ್ಲಿ ತಾಳಮದ್ದಳೆ ಇದ್ರೆ ಹೋಗಿ ಕೂತ್ಕೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ, ಬರ್ದ ಡೈಲಾಗೂ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿ ಅಲ್ಲೇ ಕೂತು ಮಾತು ಕಟ್ತಾನೆ, ಎದುರಿನವ ಅದಕ್ಕೆ ಉತ್ತರ ಕೊಡ್ಬೇಕು. ಈಗ ಸಂಧಾನಕ್ಕೆ ಬಂದ ಕೃಷ್ಣ ಒಂದು ಪ್ರಶ್ನೆ ಹಾಕಿದಾಗ ಕೌರವ ಅದನ್ನು ಬಿಟ್ಟು ಮನೆಯಲ್ಲಿ ತಯಾರು ಮಾಡಿಕೊಂಡು ಬಂದದ್ದನ್ನೇ ಗಂಟೆಗಟ್ಲೆ ಹೇಳಿದ್ರೆ ಸಭೆಯಲ್ಲಿ ಗುಸುಗುಸು ಶುರು ಆಗ್ತದೆ, ಮುಂದಿನ ಸಾಲಿನ ಅಜ್ಜಂದಿರು ಎಲೆತಟ್ಟೆ ಕಡೆ ತಿರುಗ್ತಾರೆ. ಒಳ್ಳೆಯ ಅರ್ಥಧಾರಿ ಏನು ಮಾಡ್ತಾನೆ, ಮೊದಲು "ಏನೆಂದೆ? ಹೀಗಲ್ಲವೇ ನೀನು ಹೇಳಿದ್ದು?" ಅಂತ ಎದುರಿನವನ ಮಾತನ್ನೇ ಎತ್ತಿ ಹಿಡೀತಾನೆ, ಅವನ ಶಬ್ದದಲ್ಲೇ, ಮತ್ತೆ ಮುಂದೆ ಹೋಗ್ತಾನೆ. ನಮ್ಮ ಜಿಲ್ಲೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾದಕ್ಕೆ ಹೆಸರಾದವರು, ಅಂಥ ವಾದ ಮಾಡ್ಬೇಕಾದ್ರೆ ಎದುರಿನವ ಹೇಳಿದ ಒಂದು ಶಬ್ದವೂ ಕೈಬಿಟ್ಟು ಹೋಗ್ಬಾರ್ದು.

ಮೀಟಿಂಗಲ್ಲಿ ಇದನ್ನೇ ಮಾಡಿ. ಒಬ್ಬರು ಹೇಳಿ ಆದ ಮೇಲೆ "ಅಂದ್ರೆ ಅಕ್ಕ, ನೀವು ಹೇಳುದು ಟ್ಯಾಂಕ್ ಮೇಲೆ ಇಟ್ರೆ ಕೆಳಗಿನ ಮನೆಗೆ ಮಾತ್ರ ನೀರು ಬರ್ತದೆ, ನಿಮ್ಮ ಮನೆಗೆ ಹತ್ತುದಿಲ್ಲ ಅಂತ, ಹೌದಾ?" ಅಂತ ಕೇಳಿ. ಹೌದು ಅಂದ್ರೆ ಸರಿ. ಆದ್ರೆ ಬಹಳ ಸಲ "ಅಲ್ಲ ಅಣ್ಣ, ನಾನು ಹೇಳಿದ್ದು ಅದಲ್ಲ, ಪೈಪು ನಮ್ಮ ಜಾಗದಲ್ಲಿ ಹೋಗ್ತದೆ, ನಮಗೇ ಕನೆಕ್ಷನ್ ಇಲ್ಲ" ಅಂತ ಬರ್ತದೆ, ಆಗ ಗೊತ್ತಾಗ್ತದೆ ನೀವು ಇಷ್ಟು ಹೊತ್ತು ಕೇಳಿದ್ದು ನಿಮ್ಮ ತಲೆಯೊಳಗಿನದ್ದನ್ನೇ ಅಂತ. ಅವರ ಶಬ್ದ ಬದಲು ಮಾಡ್ಬೇಡಿ, ಅವರು "ಮೋಸ" ಅಂದ್ರೆ ನೀವು "ಸಣ್ಣ ಗೊಂದಲ" ಅಂತ ಮಾಡಿದ್ರೆ ಅವರಿಗೆ ಇನ್ನೂ ಸಿಟ್ಟು.

"ನೋಡುವ" ಅಂದ್ರೆ ಎಂತ

ನಮ್ಮ ಕಡೆಯವರು ಮುಖದ ಮೇಲೆ "ಬೇಡ" ಅಂತ ಹೇಳುದಿಲ್ಲ. ಇದು ಗೊತ್ತಿಲ್ಲದ ಹೊಸ ಸೆಕ್ರೆಟರಿಗಳು ಎಲ್ಲರೂ ಒಪ್ಪಿದ್ರು ಅಂತ ಮಿನಿಟ್ಸ್ ಬರ್ದು ಮತ್ತೆ ಕೆಲಸದ ದಿನ ಒಬ್ಬನೂ ಬರ್ಲಿಲ್ಲ ಅಂತ ತಲೆಗೆ ಕೈ ಇಡ್ತಾರೆ. ನನ್ನ ಅನುಭವದ ಡಿಕ್ಷನರಿ ಇಷ್ಟು. "ನೋಡುವ" ಅಂದ್ರೆ ಬೇಡ (ನಾನೇ ಅಜ್ಜನಿಗೆ ಹೇಳಿದ್ದು ಅದನ್ನೇ ಅಲ್ವಾ). "ಅಡ್ಡಿಲ್ಲ" ಅಂದ್ರೆ ನೀವು ಮಾಡಿ, ನಾನು ಬರುದಿಲ್ಲ. "ನೀವು ಹೇಳಿದ ಹಾಗೆ" ಅಂದ್ರೆ ನನ್ನ ಮಾತಿಗೆ ಇಲ್ಲಿ ಬೆಲೆ ಇಲ್ಲ ಅಂತ ನನಗೆ ಗೊತ್ತುಂಟು. "ನಮಗೆಂತ ಗೊತ್ತುಂಟು" ಅಂದ್ರೆ ಎಲ್ಲ ಗೊತ್ತುಂಟು, ನೀವು ಸರಿಯಾಗಿ ಕೇಳ್ಲಿಲ್ಲ. ಮಲಯಾಳದವರು "ಕುಳಪ್ಪಮಿಲ್ಲ" ಅಂತ ಎಳೆದು ಹೇಳಿದ್ರೆ ಸಮಸ್ಯೆ ಇಲ್ಲ ಅಂತ ಅರ್ಥ ಆದ್ರೂ ಮುಖ ನೋಡಿ, ಸಮಸ್ಯೆ ಉಂಟು.

ಇಂಥ ಶಬ್ದ ಬಂದಾಗ ಅಲ್ಲೇ ಎಲ್ಲರ ಎದುರು ಕೆದಕ್ಬೇಡಿ, ಅವರು ಇನ್ನೂ ಮುದುಡ್ತಾರೆ. ಮೀಟಿಂಗ್ ಮುಗಿದು ಚಪ್ಪಲಿ ಹಾಕುವಾಗ, ಗೇಟಿನ ವರೆಗೆ ಜೊತೆಯಲ್ಲಿ ನಡೀರಿ, "ನಿಮ್ಮ ಮನಸ್ಸಿಗೆ ಪೂರ್ತಿ ಬರ್ಲಿಲ್ಲ ಅಂತ ಕಂಡಿತು, ಎಂತ ವಿಷಯ?" ಅಂತ ಕೇಳಿ. ನಮ್ಮ ಊರಿನ ಅಸಲು ಮೀಟಿಂಗ್ ನಡೀಲಿಕ್ಕಿರುದು ಗೇಟಿನ ಹತ್ರವೇ. ಅದಕ್ಕೆ ಅಧ್ಯಕ್ಷರಾದವರು ಮೀಟಿಂಗ್ ಮುಗಿದ ಕೂಡ್ಲೆ ಬೈಕ್ ಸ್ಟಾರ್ಟ್ ಮಾಡಿ ಹೋಗ್ಬಾರ್ದು. ವಾಟ್ಸಾಪ್ ಗ್ರೂಪಿನ ಥಂಬ್ಸ್ ಅಪ್ ಅಂತೂ ಲೆಕ್ಕಕ್ಕೇ ಇಲ್ಲ, ಅದು ಓದಿದೆ ಅಂತ ಮಾತ್ರ, ಕೆಲವರಿಗೆ ಓದಿದ್ದೂ ಇಲ್ಲ.

ಒಬ್ಬನೇ ಒಬ್ಬ ವಿಚಿತ್ರ ಹೇಳಿದ್ರೆ

ಎಲ್ಲರೂ ಒಂದು ಹೇಳುವಾಗ ಒಬ್ಬರು ಬೇರೆಯೇ ಹೇಳ್ತಾರೆ, ಕೇಳುವಾಗ ಸಂಬಂಧವೇ ಇಲ್ಲದ ಹಾಗೆ. ಇಲ್ಲಿ ನಮ್ಮ ಜಿಲ್ಲೆಯವರು ಸ್ವಲ್ಪ ಜಾಸ್ತಿ ಎಚ್ಚರ ಇರ್ಬೇಕು, ಯಾಕೆ ಅಂತ ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನವರಿಗೆ ಹೇಳಿ ಕೊಡ್ಬೇಕಂತಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅಂತ ಕೀಟನಾಶಕ ಬಿಡ್ತಿದ್ದ ಕಾಲದಲ್ಲಿ ಅಲ್ಲಿನ ಪಡ್ರೆಯಲ್ಲಿ ದನದ ಕರುಗಳು ಅಂಗ ಊನವಾಗಿ ಹುಟ್ಟಿದ್ದನ್ನು ಕೃಷಿಕರು ಗಮನಿಸಿದ್ರು, ಪತ್ರಕರ್ತ ಶ್ರೀ ಪಡ್ರೆಯವರು 1981ರಲ್ಲೇ ಅದರ ಬಗ್ಗೆ ಬರೆದ್ರು. ಆಮೇಲೆ ಅಲ್ಲೇ ವಾಣೀನಗರದ ಡಾಕ್ಟರ್ ಮೋಹನ್ ಕುಮಾರ್, ತಮ್ಮ ಹತ್ರ ಬರುವ ರೋಗಿಗಳಲ್ಲಿ ಒಂದೇ ಪ್ರದೇಶದವರಿಗೆ ಯಾಕೆ ಇಂಥ ಕಾಯಿಲೆ ಅಂತ ಹೇಳ್ಲಿಕ್ಕೆ ಶುರು ಮಾಡಿದ್ರು. ಸಿಂಪಡಣೆ ನಿಂತದ್ದು 2001ರ ಹೊತ್ತಿಗೆ, ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಕರು ನೋಡಿದವರ ಮಾತು ಅಲ್ಲಿಗೆ ಮುಟ್ಲಿಕ್ಕೆ ಮೂವತ್ತು ವರ್ಷ.

ಒಬ್ಬರು ವಿಚಿತ್ರ ಹೇಳಿದಾಗ "ಸಾಕ್ಷಿ ಎಲ್ಲಿ ಉಂಟು?" ಅಂತ ಶುರು ಮಾಡ್ಬೇಡಿ, ಅದು ಬಾಯಿ ಮುಚ್ಚಿಸುವ ಪ್ರಶ್ನೆ. ನೀವು ಎಂತ ನೋಡಿದ್ರಿ, ಎಲ್ಲಿ, ಯಾವಾಗಿನಿಂದ, ಇನ್ನು ಯಾರು ನೋಡಿದ್ದಾರೆ, ಇಷ್ಟು ಕೇಳಿ. ಸಾಕ್ಷಿ ಹುಡುಕುದು ಆಮೇಲೆ ನಿಮ್ಮ ಕೆಲಸ, ಹೇಳಿದವರದ್ದಲ್ಲ. ತಪ್ಪೇ ಇರ್ಬಹುದು, ಬಹಳ ಸಲ ತಪ್ಪೇ ಇರ್ತದೆ, ಆದ್ರೂ ಹೋಗಿ ನೋಡಿ ಬಂದು ತಪ್ಪು ಅಂತ ಹೇಳುದಕ್ಕೂ ಕೂತಲ್ಲೇ ತಪ್ಪು ಅಂತ ಹೇಳುದಕ್ಕೂ ಎದುರಿನವರಿಗೆ ವ್ಯತ್ಯಾಸ ಗೊತ್ತಾಗ್ತದೆ.

ಸಿಟ್ಟಿನವರು ಬಂದಾಗ

ಎದುರು ನಿಂತು ಕೂಗುವವನನ್ನು ಕೂರಿಸಿ, ನೀರು ಕೊಡಿ, ಪೂರ್ತಿ ಕಾರ್ಲಿ. ಮಧ್ಯದಲ್ಲಿ ಲೆಕ್ಕ ತೋರಿಸ್ಬೇಡಿ, ಸಿಟ್ಟಿನವರಿಗೆ ರಶೀದಿ ಪುಸ್ತಕ ತೋರಿಸಿ ಗೆದ್ದವರು ಯಾರೂ ಇಲ್ಲ. ಹೇಳಿ ಮುಗಿದ ಮೇಲೆ ಅವರ ಮಾತು ತಿರುಗಿ ಹೇಳಿ, ಅದರಲ್ಲಿ ಸರಿ ಇರುವ ಒಂದಾದ್ರೂ ವಿಷಯ ಒಪ್ಪಿ, ನಿಮ್ಮ ಲೆಕ್ಕ ಮರುದಿನಕ್ಕೆ ಇಡಿ. ಆದ್ರೆ ಒಂದು, ಹೆಂಗಸರ ಮೇಲೆ, ಜಾತಿಯ ಮೇಲೆ ಮಾತು ಹೋದ್ರೆ ಅಲ್ಲಿ ಕೇಳುದು ಬೇಡ, ನಿಲ್ಲಿಸಿ, ಅದೂ ಅಧ್ಯಕ್ಷರದ್ದೇ ಕೆಲಸ. ಎಲ್ಲವನ್ನೂ ತಾಳ್ಮೆಯಲ್ಲಿ ಕೇಳ್ಬೇಕು ಅಂತ ಹೇಳುವವರು ಯಾವತ್ತೂ ಬೈಸಿಕೊಳ್ಳದವರು.

ಬರೀರಿ, ಮತ್ತೆ ತಿರುಗಿ ಹೋಗಿ ಹೇಳಿ

ಮಿನಿಟ್ಸಿನಲ್ಲಿ "ವಿವರವಾದ ಚರ್ಚೆಯ ನಂತರ ಸರ್ವಾನುಮತದಿಂದ" ಅಂತ ಬರೀವ ಅಭ್ಯಾಸ ಬಿಡಿ. ಯಾರು ಏನು ಹೇಳಿದ್ರು ಅಂತ ಒಂದೊಂದು ಸಾಲು ಬರೀರಿ, ಒಪ್ಪದವರದ್ದು ಮೊದಲು. ಮುಂದಿನ ಮೀಟಿಂಗಿಗೆ ಅದನ್ನೇ ಓದಿ ಶುರು ಮಾಡಿ, ತನ್ನ ಮಾತು ಪುಸ್ತಕದಲ್ಲಿ ಉಂಟು ಅಂತ ಕೇಳಿದಾಗ ಹಿಂದೆ ಕೂತವರ ಬೆನ್ನು ನೆಟ್ಟಗೆ ಆಗುದನ್ನು ನಾನು ನೋಡಿದ್ದೇನೆ.

ಕೇಳಿ ಸುಮ್ಮನೆ ಬಿಟ್ರೆ ಕೇಳದೇ ಇರುದಕ್ಕಿಂತ ಹಾಳು, ಅದು ಗ್ರಾಮಸಭೆಗೆ ಹೋಗಿ ಬಂದವರಿಗೆ ಗೊತ್ತುಂಟು, ಮೂರು ತಿಂಗಳಿಗೆ ಒಮ್ಮೆ ಸೇರ್ಬೇಕು ಅಂತ 1994ರ ಪಂಚಾಯತ್ ರಾಜ್ ಕಾನೂನಿನಲ್ಲಿ ಉಂಟು, ಸೇರ್ತದೆ, ಒಂದೇ ದಾರಿದೀಪದ ಬಗ್ಗೆ ಐದು ಸಲ ಹೇಳಿದವ ಆರನೇ ಸಲ ಬರುದಿಲ್ಲ. ಹಾಗಾಗಿ ವಾರದೊಳಗೆ ಉತ್ತರ ಮುಟ್ಟಿಸಿ. ಆಗುದಾದ್ರೆ ಗ್ರೂಪಿನಲ್ಲಿ ಹಾಕಿದ್ರೂ ಸಾಕು. ಆಗುದಿಲ್ಲ ಅಂತಾದ್ರೆ ಫೋನೂ ಬೇಡ, ಮನೆಗೇ ಹೋಗಿ, ಯಾಕೆ ಆಗುದಿಲ್ಲ ಅಂತ ಹೇಳಿ, ಅವರು ಮತ್ತೆ ಏನಾದ್ರೂ ಹೇಳಿದ್ರೆ ಅದನ್ನೂ ಕೇಳಿ. ಚಾ ಕೊಟ್ರೆ ಬೇಡ ಅನ್ಬೇಡಿ. ನಾನು ಆ ಅಜ್ಜನ ಮನೆಯಲ್ಲಿ ಕುಡಿದದ್ದು ಬೆಲ್ಲದ ಕಣ್ಣ ಚಾ (ಹಾಲು ಹಾಕದ್ದು), ಎರಡನೇ ಬೋರಿನ ಜಾಗ ಅವರು ಅದು ಮುಗಿಯುವುದರ ಒಳಗೆ ಕೋಲಿನಲ್ಲಿ ಅಂಗಳದ ಮಣ್ಣಿನ ಮೇಲೆ ಗೀರಿ ತೋರಿಸಿದ್ರು.